ಹುಯಿಲಿಗೆ ಓಗೊಡುವವರು

ಹಳಗನ್ನಡದಲ್ಲಿ ‘ಪುಯ್ಯಲ್’ ಎಂಬ ಒಂದು ಶಬ್ದವುಂಟು. ಅಳುವಿಗೂ ಗೋಳಿಗೂ ಆ ಮಾತು ಸಲ್ಲುತ್ತದೆ. ಆಪತ್ತು ಬಂದಾಗ ನೆರವನ್ನು ಬೇಡಿ ಕೂಗುವ ಕೂಗಿಗೂ ಸಲ್ಲುತ್ತದೆ. ಊರಿನ ತುರುಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಎದ್ದ ಕೂಗನ್ನು ಕೇಳಿ, ಕೈಗೆ ಸಿಕ್ಕಿದ ಆಯುಧವನ್ನು ಹಿಡಿದು ಓಡಿದವರ ಕಥೆಯನ್ನು ನಮ್ಮ ನಾಡಿನ ಎಷ್ಟೋ ವೀರಗಲ್ಲುಗಳು ಹೇಳುತ್ತವೆ. ಅಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಊರವರು ಕಲ್ಲು ನಿಲ್ಲಿಸಿದ್ದು ಕೂಗಿದವನಿಗಲ್ಲ, ಕೂಗಿಗೆ ಓಗೊಟ್ಟು ಹೋಗಿ ಮಡಿದವನಿಗೆ. ಆ ಪುಯ್ಯಲೇ ಮುಂದೆ ಪಕಾರಕ್ಕೆ ಹಕಾರ ಬಂದು ‘ಹುಯ್ಯಲು’ ಎಂದೂ ‘ಹುಯಿಲು’ ಎಂದೂ ಆಯಿತು. ಈಗ ‘ಹುಯಿಲೆಬ್ಬಿಸಿದರು’ ಎಂದರೆ ಬರಿಯ ಗದ್ದಲ ಮಾಡಿದರು ಎಂಬ ಅರ್ಥವೇ ಮೊದಲು ಮನಸ್ಸಿಗೆ ಬರುತ್ತದೆ. ನೆರವಿನ ಕರೆಯು ಗಲಭೆಯ ಮಟ್ಟಕ್ಕೆ ಇಳಿದುಬಿಟ್ಟಿತು.

ಇಂಗ್ಲಿಷಿನ ‘ಅಲಾರಂ’ ಎಂಬ ಮಾತಿನ ಮೂಲವೂ ಇಂಥದೇ. ‘ಆಯುಧ ಹಿಡಿಯಿರಿ’ ಎಂಬ ಇಟಾಲಿಯನ್ ಕೂಗಿನಿಂದ ಅದು ಬಂದಿದೆ. ಎಂದರೆ, ಎರಡು ಭಾಷೆಗಳಲ್ಲಿಯೂ ಅದು ಸುಮ್ಮನೆ ಕೇಳಿಸಿಕೊಳ್ಳುವುದಕ್ಕಾಗಿ ಇದ್ದ ಸದ್ದಲ್ಲ; ಕೇಳಿದವನು ಎದ್ದು ಏನಾದರೂ ಮಾಡಲೆಂದು ಇದ್ದ ಸದ್ದು. ಕಾರ್ಖಾನೆಗಳಲ್ಲಿ ಈ ಸದ್ದಿನ ಕಥೆ ಏನಾಯಿತು, ಅದು ಹೇಗೆ ಹುಯಿಲಾಯಿತು, ಮತ್ತೆ ಅದನ್ನು ಕರೆಯಾಗಿ ಮಾಡಲು ಜನ ಏನೇನು ಪಾಡುಪಟ್ಟರು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಉಗಿಯಂತ್ರದ ಕಾಲದಿಂದ ಮೊದಲು ಮಾಡಬಹುದು. 1803ರಲ್ಲಿ ಲಂಡನ್ನಿನ ಬಳಿಯ ಗ್ರೀನಿಚ್ಚಿನಲ್ಲಿ ರಿಚರ್ಡ್ ಟ್ರೆವಿಥಿಕ್ ಎಂಬ ಎಂಜಿನಿಯರು ನಿರ್ಮಿಸಿದ್ದ ಒಂದು ಉಗಿಯಂತ್ರದ ಬಾಯ್ಲರು ಸಿಡಿದು ಕೆಲಸಗಾರರು ಸತ್ತರು. ಯಂತ್ರವನ್ನು ನೋಡಿಕೊಳ್ಳಬೇಕಾಗಿದ್ದ ಹುಡುಗನು ಹಾವುಮೀನು ಹಿಡಿಯಲು ಹೋಗಿದ್ದನೆಂದೂ, ಅವನ ಬದಲಿಗೆ ನಿಂತವನು ಉಗಿಗೆ ದಾರಿ ಬಿಡದೆ ಯಂತ್ರವನ್ನು ನಿಲ್ಲಿಸಿದನೆಂದೂ ಹೇಳುತ್ತಾರೆ. ಆ ಬಳಿಕ ಟ್ರೆವಿಥಿಕ್ ತನ್ನ ಬಾಯ್ಲರುಗಳಿಗೆ ಸೀಸದ ಒಂದು ಬೆಣೆಯನ್ನು ಹಾಕಿಸಿದನು. ನೀರು ಇಳಿದು ಲೋಹ ಮಿತಿಮೀರಿ ಕಾದರೆ ಸೀಸ ಕರಗಿ, ಆ ತೂತಿನಿಂದ ಉಗಿಯು ಬುಸುಗುಟ್ಟುತ್ತ ಒಲೆಯೊಳಕ್ಕೆ ನುಗ್ಗುತ್ತದೆ. ಸದ್ದು ಕೇಳಿ ಕೆಲಸಗಾರನು ಎಚ್ಚರಗೊಳ್ಳುತ್ತಾನೆ. ಬೆಂಕಿಯ ಜೋರೂ ಅಷ್ಟಕ್ಕೆ ತಗ್ಗುತ್ತದೆ. ಮನುಷ್ಯ ಮೈಮರೆಯಬಹುದು ಎಂಬುದನ್ನು ಒಪ್ಪಿಕೊಂಡು ಮಾಡಿದ ಉಪಾಯವಿದು.

ಗಣಿಗಳಲ್ಲಿ ಈ ಕೆಲಸಕ್ಕೆ ಹಕ್ಕಿಯನ್ನು ಇಟ್ಟುಕೊಂಡರು. ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮಾನಾಕ್ಸೈಡು ಮನುಷ್ಯನಿಗಿಂತ ಮೊದಲು ಕೆನರಿ ಹಕ್ಕಿಯನ್ನು ಬಾಧಿಸುತ್ತದೆಂದು ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿಯು 19ನೆಯ ಶತಮಾನದ ಕೊನೆಯಲ್ಲಿ ಸೂಚಿಸಿದ್ದನು. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ಆ ಹಕ್ಕಿಗಳಿಗೆ ಬಿಡುಗಡೆ ಎಂದು ಗೊತ್ತಾದುದು 1986ರಲ್ಲಿ. ಹಕ್ಕಿ ಒರಗಿದ್ದು ಕಂಡ ಕೂಡಲೆ ಏನು ಮಾಡಬೇಕೆಂದು ಗಣಿಗಾರನು ಯಾರನ್ನೂ ಕೇಳಬೇಕಾಗಿರಲಿಲ್ಲ. ಹೊರಕ್ಕೆ ಓಡಬೇಕು, ಅಷ್ಟೆ. ಒಂದೇ ಸೂಚನೆ, ಒಂದೇ ಉತ್ತರ.

ದೂರದಲ್ಲಿರುವವರನ್ನು ಕರೆಯುವ ಸಮಸ್ಯೆಗೆ ತಂತಿಯು ಬಂದಮೇಲೆ ದಾರಿಯಾಯಿತು. 1852ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಬೀದಿಬೀದಿಗೆ ಪೆಟ್ಟಿಗೆಗಳನ್ನಿಟ್ಟು, ಬೆಂಕಿಯ ಸುದ್ದಿಯನ್ನು ತಂತಿಯ ಮೂಲಕ ಮುಟ್ಟಿಸುವ ಏರ್ಪಾಡನ್ನು ಮಾಡಿದರು. ವಿಲಿಯಂ ಚಾನಿಂಗ್ ಮತ್ತು ಮೋಸೆಸ್ ಫಾರ್ಮರ್ ಎಂಬವರು ಅದರ ಕರ್ತರು. ಪೆಟ್ಟಿಗೆಯ ಹಿಡಿಯನ್ನು ತಿರುಗಿಸಿದರೆ ಅದರ ಸಂಖ್ಯೆ ಠಾಣೆಗೆ ತಲಪುತ್ತಿತ್ತು. ದೇವಸ್ಥಾನದ ಗಂಟೆಯನ್ನೋ ನಗಾರಿಯನ್ನೋ ಹೊಡೆದರೆ ಆಪತ್ತು ಉಂಟೆಂದಷ್ಟೆ ತಿಳಿಯುವುದು. ಈ ಪೆಟ್ಟಿಗೆಯು ಆಪತ್ತು ಎಲ್ಲಿದೆ ಎಂಬುದನ್ನೂ ತಿಳಿಸಿತು. ಕರೆಯ ಚರಿತ್ರೆಯಲ್ಲಿ ಇದೊಂದು ದೊಡ್ಡ ಹೆಜ್ಜೆಯೆಂದೇ ಎಣಿಸಬೇಕು.

20ನೆಯ ಶತಮಾನದ ನಡುವಿನ ಹೊತ್ತಿಗೆ ವಿದ್ಯುತ್ ಸ್ಥಾವರ, ಎಣ್ಣೆ ಶುದ್ಧೀಕರಣಾಲಯ ಮುಂತಾದ ದೊಡ್ಡ ಯಂತ್ರಾಗಾರಗಳಲ್ಲಿ ನಿಯಂತ್ರಣ ಕೊಠಡಿ ಎಂಬುದು ನೆಲೆಗೊಂಡಿತು. ಅದರ ಗೋಡೆಯ ಮೇಲೆ ಸಣ್ಣ ಸಣ್ಣ ಗಾಜಿನ ಕಿಟಕಿಗಳ ಸಾಲು. ಒಂದೊಂದರ ಮೇಲೂ ‘ತೊಟ್ಟಿಯ ಮಟ್ಟ ಹೆಚ್ಚು’, ‘ಪಂಪು ನಿಂತಿದೆ’ ಎಂಬಂಥ ಬರಹ. ದೋಷ ಕಂಡೊಡನೆ ಕಿಟಕಿಯ ಹಿಂದಿನ ದೀಪ ಮಿನುಗುವುದು, ಕಹಳೆಯಂತೆ ಒಂದು ಸದ್ದು ಏಳುವುದು. ಪಾಳಿಯಲ್ಲಿರುವವನು ಒಂದು ಗುಂಡಿಯನ್ನು ಒತ್ತಿದರೆ ಸದ್ದು ನಿಂತು ದೀಪ ಸ್ಥಿರವಾಗಿ ಉರಿಯುವುದು. ದೋಷ ನೀಗಿದಮೇಲೆ ದೀಪ ಆರುವುದು. ಆ ಗುಂಡಿಯನ್ನು ಒತ್ತುವುದೆಂದರೆ ‘ಕೇಳಿಸಿತು’ ಎಂದು ಹೇಳಿದಂತೆ. ಹೊರಗೆ ಯಾರಾದರೂ ಹೆಸರು ಹಿಡಿದು ಕೂಗಿದರೆ ನಮ್ಮವರು ಒಳಗಿನಿಂದ ‘ಓ’ ಎನ್ನುವುದಿಲ್ಲವೆ? ಅದೇ ಇದು. ಆದರೆ ಓ ಎಂದವನು ಎದ್ದು ಬರಲೇಬೇಕೆಂಬ ನಿಯಮವೇನೂ ಇಲ್ಲ. ಮುಂದಿನ ಅನರ್ಥಗಳಲ್ಲಿ ಎಷ್ಟೋ ಈ ಸಂದಿನಲ್ಲಿಯೇ ಹುಟ್ಟಿದವು.

1979ರ ಮಾರ್ಚ್ 28ರ ಬೆಳಗಿನ ಜಾವ ನಾಲ್ಕು ಗಂಟೆಗೆ ಅಮೆರಿಕದ ಪೆನ್ಸಿಲ್ವೇನಿಯದ ತ್ರೀ ಮೈಲ್ ಐಲೆಂಡ್ ಎಂಬ ಪರಮಾಣು ವಿದ್ಯುತ್ ಸ್ಥಾವರದಲ್ಲಿ ನೀರೊದಗಿಸುವ ಪಂಪುಗಳು ನಿಂತವು. ಒತ್ತಡವನ್ನು ಇಳಿಸಲು ತೆರೆದುಕೊಂಡ ವಾಲ್ವೊಂದು ಮತ್ತೆ ಮುಚ್ಚಿಕೊಳ್ಳಲಿಲ್ಲ. ಆದರೆ ಕೊಠಡಿಯ ದೀಪವು ಅದು ಮುಚ್ಚಿದೆ ಎಂಬ ಭ್ರಮೆಯನ್ನು ಹುಟ್ಟಿಸಿತು. ಏಕೆಂದರೆ ವಾಲ್ವಿಗೆ ‘ಮುಚ್ಚು’ ಎಂಬ ಆಜ್ಞೆ ಹೋಗಿದೆಯೆ ಎಂಬುದನ್ನು ಮಾತ್ರ ಆ ದೀಪ ತಿಳಿಸುತ್ತಿತ್ತು. ಆಜ್ಞೆ ನೆರವೇರಿತೆ ಎಂಬುದನ್ನು ತಿಳಿಸುತ್ತಿರಲಿಲ್ಲ. ಮೊದಲ ಕೆಲವು ನಿಮಿಷಗಳಲ್ಲಿಯೇ ನೂರಕ್ಕೂ ಹೆಚ್ಚು ಅಲಾರಂಗಳು ಒಮ್ಮೆಲೆ ಎದ್ದವು. ಮುಖ್ಯವಾದುದನ್ನು ಅಮುಖ್ಯವಾದುದರಿಂದ ಬೇರ್ಪಡಿಸಲು ದಾರಿಯಿರಲಿಲ್ಲ. ಅಲಾರಂಗಳನ್ನು ಕಾಗದದ ಮೇಲೆ ಅಚ್ಚು ಮಾಡುತ್ತಿದ್ದ ಯಂತ್ರವು ಒಂದು ಹಂತದಲ್ಲಿ ನಡೆಯುತ್ತಿದ್ದ ಘಟನೆಗಳಿಗಿಂತ ಎರಡು ಗಂಟೆಗೂ ಹೆಚ್ಚು ಹಿಂದೆ ಬಿದ್ದಿತ್ತು. ಆ ಅಲಾರಂ ಹಲಗೆಯನ್ನೇ ಕಿತ್ತೆಸೆಯಬೇಕೆನಿಸಿತು, ಅದರಿಂದ ಉಪಯೋಗವಾಗುವ ಒಂದು ಸಂಗತಿಯೂ ತಿಳಿಯಲಿಲ್ಲ ಎಂಬ ಅರ್ಥದ ಮಾತನ್ನು ಅಂದು ಪಾಳಿಯಲ್ಲಿದ್ದ ಒಬ್ಬನು ಮುಂದೆ ವಿಚಾರಣಾ ಆಯೋಗದ ಮುಂದೆ ಹೇಳಿದನು. ರಿಯಾಕ್ಟರಿನ ಒಡಲಲ್ಲಿ ಸುಮಾರು ಅರ್ಧ ಕರಗಿಹೋಗಿತ್ತು.

ಗಾಜಿನ ಕಿಟಕಿಗಳ ಕಾಲದಲ್ಲಿ ಒಂದು ಲಾಭವಿತ್ತೆಂಬುದು ಆಗ ಯಾರಿಗೂ ಹೊಳೆದಿರಲಾರದು. ಒಂದು ಅಲಾರಂ ಬೇಕಾದರೆ ತಂತಿ ಎಳೆಯಬೇಕು, ರಿಲೇ ಕೂರಿಸಬೇಕು, ಗೋಡೆಯಲ್ಲಿ ಸ್ಥಳ ಹುಡುಕಬೇಕು. ಹಣ ಕೈಬಿಡುತ್ತಿದ್ದುದರಿಂದ ‘ಇದು ಬೇಕೆ?’ ಎಂದು ಯಾರಾದರೂ ಕೇಳುತ್ತಿದ್ದರು. 1975ರಲ್ಲಿ ಹನಿವೆಲ್ ಕಂಪನಿಯ ಟಿಡಿಸಿ 2000, ಯೊಕೊಗಾವಾ ಕಂಪನಿಯ ಸೆಂಟಮ್ ಎಂಬ ಗಣಕ ನಿಯಂತ್ರಣ ವ್ಯವಸ್ಥೆಗಳು ಹೊರಬಂದವು. ಕ್ರಮೇಣ ಗೋಡೆಯ ಮೇಲಿನ ಕಿಟಕಿ ಹೋಗಿ ಪರದೆ ಬಂತು. ಈಗ ಒಂದು ಅಲಾರಂ ಸೇರಿಸಲು ಕೀಲಿಮಣೆಯ ಮೇಲೆ ಒಂದು ಅಂಕಿಯನ್ನು ಬರೆದರೆ ಸಾಕು, ಕಾಸಿನ ಖರ್ಚಿಲ್ಲ. ಕರೆಯು ಅಗ್ಗವಾಯಿತು, ಆದುದರಿಂದ ಬೆಳೆಯಿತು. ‘ಇರಲಿ, ಒಳ್ಳೆಯದಕ್ಕೇ’ ಎಂದು ಸೇರಿಸಿದವು ಸಾವಿರಗಟ್ಟಲೆಯಾದವು. ಪರದೆಯ ಮುಂದೆ ಕುಳಿತ ಮನುಷ್ಯನಿಗೆ ಮಾತ್ರ ಎಂದಿನಂತೆ ಎರಡೇ ಕಣ್ಣು, ಎರಡೇ ಕಿವಿ.

ಇದರ ಫಲವನ್ನು ಬ್ರಿಟನ್ನಿನ ವೇಲ್ಸ್ ಪ್ರಾಂತದ ಮಿಲ್ಫರ್ಡ್ ಹೇವನ್ನಿನಲ್ಲಿ ಕಂಡರು. 1994ರ ಜುಲೈ 24, ಭಾನುವಾರ. ಬೆಳಗ್ಗೆ ಗುಡುಗುಸಿಡಿಲಿನ ಮಳೆ ಬಂದು ಅಲ್ಲಿಯ ಎಣ್ಣೆ ಶುದ್ಧೀಕರಣಾಲಯದ ಕೆಲಸ ಏರುಪೇರಾಯಿತು. ಒಂದು ವಾಲ್ವು ಮುಚ್ಚಿಕೊಂಡು ಕಚ್ಚಿತ್ತು. ಪರದೆಯು ಅದು ತೆರೆದಿದೆಯೆಂದು ತೋರಿಸುತ್ತಿತ್ತು. ಸುಮಾರು ಐದು ಗಂಟೆಗಳ ಕಾಲ ಪಾಳಿಯವರು ಹೆಣಗಿದರು. ಕೊನೆಯ ಹನ್ನೊಂದು ನಿಮಿಷಗಳಲ್ಲಿ ಇಬ್ಬರು ನಿರ್ವಾಹಕರ ಮುಂದೆ ಬಂದ ಅಲಾರಂಗಳು 275. ಲೆಕ್ಕ ಹಾಕಿದರೆ ಸುಮಾರು ಎರಡೂವರೆ ಸೆಕೆಂಡಿಗೊಂದು. ಅವುಗಳಲ್ಲಿ ಬಹುಪಾಲು ‘ಅತಿ ಮುಖ್ಯ’ ಎಂಬ ಗುರುತು ಹೊತ್ತವೇ. ಎಲ್ಲವೂ ಮುಖ್ಯವಾದರೆ ಯಾವುದೂ ಮುಖ್ಯವಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮಧ್ಯಾಹ್ನ 1 ಗಂಟೆ 23 ನಿಮಿಷಕ್ಕೆ, ಹೊರಗೆ ಸೋರಿದ್ದ ಸುಮಾರು 20 ಟನ್ ಹೈಡ್ರೊಕಾರ್ಬನ್ನಿಗೆ ಕಿಡಿ ತಗುಲಿ ಸ್ಫೋಟವಾಯಿತು. 26 ಮಂದಿಗೆ ಗಾಯವಾಯಿತು. ಭಾನುವಾರವಾದುದರಿಂದ ಜನ ಕಡಮೆಯಿದ್ದುದು ಪುಣ್ಯ. ನಷ್ಟ ಸುಮಾರು 4 ಕೋಟಿ 80 ಲಕ್ಷ ಪೌಂಡು.

ಹುಯಿಲು ಹೆಚ್ಚಾಗಿ ಕೆಟ್ಟದ್ದು ಹೀಗೆ. ಹುಯಿಲೇ ಏಳದೆ ಕೆಟ್ಟದ್ದಕ್ಕೆ ನಮ್ಮ ದೇಶದ ಭೋಪಾಲಕ್ಕಿಂತ ದಾರುಣವಾದ ನಿದರ್ಶನ ಬೇಕಿಲ್ಲ. 1984ರ ಡಿಸೆಂಬರ್ 2ರ ರಾತ್ರಿ, ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೆಯ ಸಂಖ್ಯೆಯ ತೊಟ್ಟಿಯಿಂದ ವಿಷಾನಿಲ ಹೊರಬಿದ್ದಿತು. ತೊಟ್ಟಿಯನ್ನು ತಂಪಾಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಅದು ನಿಂತಮೇಲೆ ತೊಟ್ಟಿಯ ಬಿಸಿಯು ಯಾವಾಗಲೂ ಅಲಾರಂ ಹೊಡೆಯುವ ಮಟ್ಟಕ್ಕಿಂತ ಮೇಲೆಯೇ ಇರುತ್ತಿದ್ದುದರಿಂದ ಆ ಅಲಾರಮೂ ಕೆಲಸಕ್ಕೆ ಬಾರದಾಯಿತು. ಊರನ್ನು ಎಚ್ಚರಿಸಬೇಕಾಗಿದ್ದ ಸೈರನ್ನನ್ನು ಸ್ವಲ್ಪ ಹೊತ್ತು ಕೂಗಿಸಿ ನಿಲ್ಲಿಸಿಬಿಟ್ಟರು. ಸಣ್ಣಪುಟ್ಟ ಸೋರಿಕೆಗೆಲ್ಲ ಜನ ಗಾಬರಿಯಾಗಬಾರದೆಂದು ಒಳಗಿನವರ ಕರೆಯನ್ನೂ ಹೊರಗಿನವರ ಕರೆಯನ್ನೂ ಬೇರೆ ಮಾಡಿಟ್ಟಿದ್ದರು. ಒಳಗಿದ್ದ ಕೆಲಸಗಾರರಲ್ಲಿ ಅನೇಕರಿಗೆ ಗಾಳಿಗೆ ಎದುರಾಗಿ ಓಡಬೇಕೆಂದು ತಿಳಿದಿತ್ತು. ಗೋಡೆಯಾಚೆ ಗುಡಿಸಲುಗಳಲ್ಲಿ ಮಲಗಿದ್ದವರಿಗೆ ಅದು ತಿಳಿಯದು. ಸಾವಿರಾರು ಜನ ಸತ್ತರು. ಕರೆಯಬೇಕಾದವರನ್ನು ಕರೆಯದೆ ಉಳಿಸಿದ ನೆಮ್ಮದಿ ಎಂಥದೆಂಬುದಕ್ಕೆ ಇದಕ್ಕಿಂತ ಕಠಿನವಾದ ಉತ್ತರವಿಲ್ಲ.

ಇಂಥ ಅನುಭವಗಳಿಂದ ಒಂದು ಶಾಸ್ತ್ರವೇ ಬೆಳೆಯಿತು. 1999ರಲ್ಲಿ ಬ್ರಿಟನ್ನಿನ ಈಮುವಾ ಎಂಬ ಎಂಜಿನಿಯರಿಂಗ್ ಬಳಕೆದಾರರ ಸಂಘವು 191ನೆಯ ಸಂಖ್ಯೆಯ ಕೈಪಿಡಿಯನ್ನು ಪ್ರಕಟಿಸಿತು. 2009ರಲ್ಲಿ ಅಮೆರಿಕದ ಐಎಸ್‌ಎ 18.2, 2014ರಲ್ಲಿ ಅಂತರರಾಷ್ಟ್ರೀಯ ಐಇಸಿ 62682 ಎಂಬ ಮಾನಕಗಳು ಬಂದವು. ಇವುಗಳ ಸಾರವನ್ನು ಸುಲಭವಾಗಿ ಹೇಳಬಹುದು. ಮನುಷ್ಯನು ಹೊತ್ತಿಗೆ ಸರಿಯಾಗಿ ಏನಾದರೂ ಮಾಡಬೇಕಾಗಿದ್ದರೆ ಮಾತ್ರ ಅದು ಅಲಾರಂ; ಇಲ್ಲದಿದ್ದರೆ ಅದು ಬರಿಯ ಸಮಾಚಾರ, ದಫ್ತರದಲ್ಲಿ ಬರೆದಿಟ್ಟರಾಯಿತು. ಈಮುವಾ ಕೈಪಿಡಿಯ ಪ್ರಕಾರ ಸಾಮಾನ್ಯ ದಿನಗಳಲ್ಲಿ ಒಬ್ಬ ನಿರ್ವಾಹಕನಿಗೆ ಸರಾಸರಿ ಹತ್ತು ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಅಲಾರಂ ಬರಬಾರದು. ದೊಡ್ಡ ಏರುಪೇರಾದಾಗಲೂ ಮೊದಲ ಹತ್ತು ನಿಮಿಷಗಳಲ್ಲಿ ಹತ್ತನ್ನು ಮೀರಬಾರದು. ನೂರು ಅಲಾರಂಗಳಲ್ಲಿ ಐದು ಅತಿ ಮುಖ್ಯ, ಹದಿನೈದು ಮಧ್ಯಮ, ಎಂಬತ್ತು ಸಾಮಾನ್ಯ ಎಂಬ ಪ್ರಮಾಣ ತಕ್ಕುದು. ಮಿಲ್ಫರ್ಡ್ ಹೇವನ್ನಿನ 275ನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಅಂತರ ತಿಳಿಯುತ್ತದೆ.

ಈ ನಿಯಮಗಳನ್ನು ಆಚರಣೆಗೆ ತರಲೆಂದು ಹುಟ್ಟಿದುದೇ ಅಲಾರಂ ನಿರ್ವಹಣೆಯ ಸಾಫ್ಟ್‌ವೇರು. ಅದರ ಕೆಲಸಗಳಲ್ಲಿ ಒಂದನ್ನು ಹೇಳುತ್ತೇನೆ. ತೊಟ್ಟಿಯ ನೀರು ನೂರಕ್ಕೆ 80ರ ಮಟ್ಟ ಮುಟ್ಟಿದರೆ ಅಲಾರಂ ಎಂದಿಟ್ಟುಕೊಳ್ಳಿ. ನೀರು ಅಲುಗಾಡುತ್ತ ಒಮ್ಮೆ 80ಕ್ಕೆ ಮೇಲೆ, ಒಮ್ಮೆ ಕೆಳಗೆ ಹೋಗುತ್ತಿದ್ದರೆ ಒಂದೇ ಅಲಾರಂ ಗಂಟೆಗೆ ನೂರು ಸಲ ಚಿಲಿಪಿಲಿಗುಟ್ಟುತ್ತದೆ. 80ಕ್ಕೆ ಏಳಲಿ, 78ಕ್ಕೆ ಇಳಿದಮೇಲೆಯೇ ಅಡಗಲಿ ಎಂದು ನಡುವೆ ಸ್ವಲ್ಪ ಎಡೆ ಬಿಟ್ಟರೆ ಈ ಕಾಟ ತೀರಿತು. ತಿಂಗಳಿಗೊಮ್ಮೆ ಅತಿ ಹೆಚ್ಚು ಕೂಗಿದ ಅಲಾರಂಗಳ ಪಟ್ಟಿಯನ್ನು ತೆಗೆದು ನೋಡಿದರೆ, ಒಟ್ಟು ಗದ್ದಲದ ಬಹುಭಾಗವು ಬೆರಳೆಣಿಕೆಯ ಅಲಾರಂಗಳಿಂದಲೇ ಬಂದಿರುವುದುಂಟು. ದುರಸ್ತಿಯಲ್ಲಿರುವ ಯಂತ್ರದ ಅಲಾರಮನ್ನು ಗೊತ್ತಾದ ಅವಧಿಗೆ ಬದಿಗಿಡಬಹುದು. ಅವಧಿ ತೀರಿದೊಡನೆ ಅದು ತಾನಾಗಿ ಮರಳುತ್ತದೆ. ಯಾರು ಬದಿಗಿಟ್ಟರು, ಏಕೆ ಇಟ್ಟರು ಎಂಬುದೂ ದಾಖಲೆಯಾಗುತ್ತದೆ. ಇಂಥ ನಿಯಂತ್ರಣ ವ್ಯವಸ್ಥೆಗಳನ್ನು ಮಾಡುವ ಹಲವು ಕಂಪನಿಗಳಿಗೆ ನಮ್ಮ ಬೆಂಗಳೂರಿನಲ್ಲಿಯೂ ಕಚೇರಿಗಳಿರುವುದರಿಂದ, ಕನ್ನಡದ ಮನೆಗಳಿಂದ ಹೋದ ಮಕ್ಕಳು ಈ ಕೆಲಸದಲ್ಲಿ ತೊಡಗಿದ್ದರೆ ಆಶ್ಚರ್ಯವಿಲ್ಲ.

ಇಷ್ಟು ಕಾಲ ನಾವು ಹೇಳಿದ್ದು ಕೊಠಡಿಯಲ್ಲಿ ಕುಳಿತಿರುವವನ ಮಾತು. ಕೊಠಡಿಯಲ್ಲಿ ಯಾರೂ ಇಲ್ಲದಿದ್ದರೆ? ನೀರೆತ್ತುವ ಕೇಂದ್ರ, ಶೀತಲ ಗೃಹ, ವಿದ್ಯುತ್ ಉಪಕೇಂದ್ರ ಮೊದಲಾದ ಎಡೆಗಳಲ್ಲಿ ಈಗ ರಾತ್ರಿ ಮನುಷ್ಯರೇ ಇರದೆ ಇರಬಹುದು. ಸರದಿಯ ಮೇಲೆ ಹೊಣೆ ಹೊತ್ತವನು ತನ್ನ ಮನೆಯಲ್ಲಿ ಮಲಗಿರುತ್ತಾನೆ. ಅವನನ್ನು ಕರೆಯುವ ಸಾಧನವು ಮೊದಲು ವೈದ್ಯರಿಗಾಗಿ ಬಂತು. ಆಲ್ ಗ್ರಾಸ್ ಎಂಬಾತನು 1949ರಲ್ಲಿ ಪೇಜರಿಗೆ ಪೇಟೆಂಟು ಪಡೆದನು. 1950ರಲ್ಲಿ ನ್ಯೂಯಾರ್ಕಿನ ವೈದ್ಯರು ಇಂಥ ಸಾಧನವನ್ನು ಬಳಸತೊಡಗಿದರು. ಭಾರತಕ್ಕೆ ಪೇಜರೂ ಮೊಬೈಲ್ ಫೋನೂ 1995ರ ಸುಮಾರಿಗೆ ಒಟ್ಟಿಗೇ ಬಂದವು. ಪೇಜರು ಬೇಗ ಮರೆಯಾಯಿತು, ಮೊಬೈಲು ನಿಂತಿತು. ಪೇಜರಿನ ಕರೆಗೆ ಸಾಮಾನ್ಯವಾಗಿ ಅಲ್ಲಿಂದಲೇ ಉತ್ತರ ಕೊಡುವಂತಿರಲಿಲ್ಲ. ಈಗಿನ ಸಾಫ್ಟ್‌ವೇರು ಮೊದಲು ಸರದಿಯವನ ಫೋನಿಗೆ ಸಂದೇಶ ಕಳುಹಿಸುತ್ತದೆ, ಬಳಿಕ ಕರೆಮಾಡಿ ಮಾತಿನಲ್ಲಿಯೇ ಹೇಳುತ್ತದೆ. ಗೊತ್ತಾದ ನಿಮಿಷಗಳೊಳಗೆ ಅವನು ಓ ಎನ್ನದಿದ್ದರೆ ಮುಂದಿನವನನ್ನು, ಅವನೂ ಇಲ್ಲದಿದ್ದರೆ ಮೇಲಿನವನನ್ನು ಎಬ್ಬಿಸುತ್ತದೆ. ಯಾರು ಎಷ್ಟು ಗಂಟೆಗೆ ಓಗೊಟ್ಟರೆಂಬುದನ್ನು ಬರೆದಿಡುತ್ತದೆ. ಊರಿನ ತಳವಾರನು ಮನೆಮನೆಯ ಕದ ತಟ್ಟುತ್ತ ಹೋಗುತ್ತಿದ್ದ ಕೆಲಸವೇ ಇದು.

ಆದರೆ ಕದ ತಟ್ಟಿದರೆ ಸಾಲದು, ಎದ್ದವನು ಸರಿಯಾದವನಿಗೆ ಸುದ್ದಿ ಮುಟ್ಟಿಸಬೇಕು ಎಂಬ ಪಾಠವನ್ನು 2003ರ ಆಗಸ್ಟ್ 14 ಕಲಿಸಿತು. ಅಮೆರಿಕದ ಒಹಾಯೊ ರಾಜ್ಯದ ಫಸ್ಟ್ ಎನರ್ಜಿ ಎಂಬ ವಿದ್ಯುತ್ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ಮಧ್ಯಾಹ್ನ 2 ಗಂಟೆ 14 ನಿಮಿಷದ ಬಳಿಕ ಅಲಾರಂ ಸಾಫ್ಟ್‌ವೇರು ಸದ್ದಿಲ್ಲದೆ ಸ್ತಬ್ಧವಾಯಿತು. ಒಂದೇ ಮಾಹಿತಿಗೆ ಎರಡು ಕ್ರಮವಿಧಿಗಳು ಒಟ್ಟಿಗೆ ಕೈಹಾಕಿದಾಗ ಬರುವ ದೋಷವೊಂದು ಅದರಲ್ಲಿ ಅಡಗಿದ್ದಿತೆಂದು ಆಮೇಲೆ ಗೊತ್ತಾಯಿತು. ಪರದೆ ಶಾಂತವಾಗಿತ್ತು, ನಿರ್ವಾಹಕರು ಎಲ್ಲವೂ ಕ್ಷೇಮವೆಂದುಕೊಂಡರು. 2 ಗಂಟೆ 41ಕ್ಕೆ ಮುಖ್ಯ ಗಣಕವು ಕೆಟ್ಟಿತು. ಕೂಡಲೆ ಗಣಕ ವಿಭಾಗದವರ ಪೇಜರಿಗೆ ತಾನಾಗಿ ಕರೆ ಹೋಯಿತು. 2 ಗಂಟೆ 54ಕ್ಕೆ ಬದಲಿ ಗಣಕವೂ ಕೆಟ್ಟಿತು. ಗಣಕದವರು ಅದನ್ನು ಮತ್ತೆ ಚಾಲೂ ಮಾಡಿದರು. 3 ಗಂಟೆ 8ಕ್ಕೆ ಕೆಲಸ ಮುಗಿಯಿತೆಂದು ತಿಳಿದರು. ಆದರೆ ಅಲಾರಂ ಮಾತ್ರ ಎದ್ದಿರಲಿಲ್ಲ. ನಿಯಂತ್ರಣ ಕೊಠಡಿಗೆ ಹೋಗಿ ‘ನಿಮ್ಮ ಅಲಾರಂ ಬರುತ್ತಿದೆಯೆ?’ ಎಂದು ಅವರು ಕೇಳಲಿಲ್ಲ. ಇತ್ತ 3 ಗಂಟೆ 5ಕ್ಕೆ, 3 ಗಂಟೆ 32ಕ್ಕೆ, 3 ಗಂಟೆ 41ಕ್ಕೆ ಮೂರು ದೊಡ್ಡ ತಂತಿಮಾರ್ಗಗಳು ಬೆಳೆದ ಮರಗಳಿಗೆ ತಗುಲಿ ಒಂದೊಂದಾಗಿ ಕಡಿದವು. ನೆರೆಯ ಸಂಸ್ಥೆಗಳವರು ಫೋನು ಮಾಡಿ ಅನುಮಾನ ಹೇಳಿದರೂ, ತಮ್ಮ ಪರದೆಯಲ್ಲಿ ಏನೂ ಕಾಣದ್ದರಿಂದ ನಿರ್ವಾಹಕರು ನಂಬಲಿಲ್ಲ. 3 ಗಂಟೆ 42ರ ಹೊತ್ತಿಗೆ ಅವರಿಗೆ ಶಂಕೆ ಹುಟ್ಟಿತು, ಆದರೆ ಕಾಲ ಮೀರಿತ್ತು. 4 ಗಂಟೆ 13ರ ಹೊತ್ತಿಗೆ ಅಮೆರಿಕದ ಎಂಟು ರಾಜ್ಯಗಳೂ ಕೆನಡದ ಒಂಟಾರಿಯೊ ಪ್ರಾಂತವೂ ಕತ್ತಲೆಗೆ ಬಿದ್ದವು. ಸುಮಾರು ಐದು ಕೋಟಿ ಜನಕ್ಕೆ ದೀಪವಿಲ್ಲ.

ಈ ಘಟನೆಯಲ್ಲಿ ಕರೆ ಹೋಯಿತು, ಓಗೊಡುವವರೂ ಓಗೊಟ್ಟರು. ಕರೆದುದು ಗಣಕವನ್ನು ಸರಿಪಡಿಸುವವರನ್ನು. ಎಚ್ಚರಬೇಕಾಗಿದ್ದವರು ಪಕ್ಕದ ಕೊಠಡಿಯವರು. ಆದುದರಿಂದ ಈಗ ಒಳ್ಳೆಯ ಏರ್ಪಾಡುಗಳಲ್ಲಿ ಅಲಾರಂ ಸಾಫ್ಟ್‌ವೇರು ಆಗಾಗ ‘ನಾನಿದ್ದೇನೆ’ ಎಂದು ಇನ್ನೊಂದು ಯಂತ್ರಕ್ಕೆ ಹೇಳುತ್ತಿರುವಂತೆ ಮಾಡುತ್ತಾರೆ. ಆ ಮಾತು ತಪ್ಪಿದರೆ ಆ ಇನ್ನೊಂದು ಯಂತ್ರ ಕೂಗುತ್ತದೆ. ಮೌನವನ್ನೂ ಅಲಾರಮೆಂದು ಎಣಿಸುವ ಈ ವಿವೇಕಕ್ಕೆ ಬೆಲೆ ತೆರಬೇಕಾಯಿತು.

ಕೊನೆಗೆ ಒಂದು ಮಾತು, ಎಬ್ಬಿಸಲ್ಪಡುವವನ ನಿದ್ರೆಯನ್ನು ಕುರಿತು. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ಎಣ್ಣೆ ಕೊರೆಯುವ ನೌಕೆ ಸಿಡಿದು 11 ಮಂದಿ ಸತ್ತರು. ಅದರ ಸಾರ್ವತ್ರಿಕ ಅಲಾರಂ ತಾನಾಗಿ ಹೊಡೆಯದಂತೆ ತಡೆದಿಟ್ಟಿದ್ದರೆಂದೂ, ಸುಳ್ಳು ಅಲಾರಂಗಳಿಂದ ಜನ ನಡುರಾತ್ರಿ ಎದ್ದೇಳುವುದು ಬೇಡವೆಂಬುದೇ ಅದಕ್ಕೆ ಕಾರಣವೆಂದೂ ನೌಕೆಯ ತಂತ್ರಜ್ಞನೊಬ್ಬನು ವಿಚಾರಣೆಯಲ್ಲಿ ಸಾಕ್ಷಿ ನುಡಿದನು. ಹಾಗೆ ತಡೆದವರು ದುಷ್ಟರೆಂದು ಹೇಳುವುದು ಸುಲಭ. ಆದರೆ ಹತ್ತು ರಾತ್ರಿ ವೃಥಾ ಎಬ್ಬಿಸಿದರೆ ಹನ್ನೊಂದನೆಯ ರಾತ್ರಿ ಕಿವಿ ಮುಚ್ಚಿಕೊಳ್ಳುವುದು ಮನುಷ್ಯಸಹಜ. ಸುಳ್ಳು ಕರೆಯೊಂದು ಬಂದಾಗಲೆಲ್ಲ ನಿಜವಾದ ಕರೆಯ ಗೌರವದಲ್ಲಿ ಸ್ವಲ್ಪ ಕಡಿದುಹೋಗುತ್ತದೆ. ಸರದಿಯವನ ನಿದ್ರೆಯನ್ನು ಕಾಯುವುದೂ ಕಾರ್ಖಾನೆಯ ರಕ್ಷಣೆಯ ಒಂದು ಅಂಗವೆಂದು ತಿಳಿಯಬೇಕು.

ಆಪತ್ತನ್ನು ಅರಿಯುವ ಸಾಧನಗಳು ಇನ್ನೂರು ವರ್ಷಗಳಲ್ಲಿ ಬಹಳ ಸೂಕ್ಷ್ಮವಾಗಿವೆ. ಸುದ್ದಿಯನ್ನು ಕ್ಷಣದಲ್ಲಿ ಸಾವಿರ ಮೈಲಿ ಮುಟ್ಟಿಸುತ್ತೇವೆ. ಕೇಳುವ ಮನುಷ್ಯನ ಶಕ್ತಿ ಮಾತ್ರ ಟ್ರೆವಿಥಿಕ್ಕನ ಕಾಲದಲ್ಲಿ ಎಷ್ಟಿತ್ತೊ ಅಷ್ಟೇ ಇದೆ. ಆದುದರಿಂದ ಹೊಸದೊಂದು ಗಂಟೆಯನ್ನು ಕಟ್ಟುವ ಮೊದಲು, ಕಾರ್ಖಾನೆ ದೊಡ್ಡದಿರಲಿ, ಹಳ್ಳಿಯ ನೀರಿನ ಪಂಪಿನ ಮನೆಯೇ ಇರಲಿ, ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳ್ಳೆಯದು: ಇದು ಹೊಡೆದಾಗ ಯಾರು ಏಳಬೇಕು, ಎದ್ದು ಏನು ಮಾಡಬೇಕು? ಇದಕ್ಕೆ ಒಬ್ಬನ ಹೆಸರೂ ಒಂದು ಕೆಲಸವೂ ಉತ್ತರವಾಗಿ ಸಿಕ್ಕಿದರೆ ಗಂಟೆಯನ್ನು ಕಟ್ಟಬಹುದು. ಸಿಕ್ಕದಿದ್ದರೆ ಗಂಟೆಯ ಖರ್ಚನ್ನು ಉಳಿಸಿ, ಮೊದಲು ಆ ಉತ್ತರವನ್ನು ಹುಡುಕುವುದು ಲೇಸು.